ಟೇಪಕ್ಕ ಮುಚ್ಚದೇ ಬಿಟ್ಟ ಪೆಟ್ಟಿಗೆ

ಬೆಳಗಿನ ಐದೂಕಾಲು. ಒಳಾಂಗಣ ಕ್ರೀಡಾಂಗಣದ ಗಂಡಸರ ಶೌಚಾಲಯದಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾರೆ. ಬಾಯಲ್ಲಿ ಪುಟ್ಟ ಕತ್ತರಿ ಕಚ್ಚಿಕೊಂಡಿದ್ದಾರೆ. ಎಡಗೈಗೆ ಬಳೆಗಳ ಹಾಗೆ ಏಳೆಂಟು ಟೇಪಿನ ಸುರುಳಿ ಏರಿಸಿಕೊಂಡಿದ್ದಾರೆ. ಗೋಡೆಯಲ್ಲಿರುವ ಕೈ ಒಣಗಿಸುವ ಯಂತ್ರದ ಮೇಲೆ ಅದನ್ನು ತಯಾರಿಸಿದ ಕಂಪನಿಯ ಹೆಸರಿದೆ. ಅವರು ಬೂದು ಬಣ್ಣದ ಟೇಪನ್ನು ಗೇಣುದ್ದ ಎಳೆದು, ಕತ್ತರಿಸಿ, ಹೆಸರಿನ ಮೇಲಿಟ್ಟು, ಹೆಬ್ಬೆರಳಿನಿಂದ ಒಮ್ಮೆ ಸವರುತ್ತಾರೆ. ಹೆಸರು ಮಾಯ. ಅಲ್ಲೊಂದು ಹೆಸರಿತ್ತು ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬಲಾರರು.

"ಗಂಡಸರ ಕಡೆ ಮುಗೀತು," ಎನ್ನುತ್ತಾ ಕೆಳಗಿಳಿಯುತ್ತಾರೆ. "ಐದೂವರೆ ಮೇಲೆ ಕಾವಲಿನವರು ಬರೋಕೆ ಶುರು ಮಾಡ್ತಾರೆ. ಅವರು ಬಾಗಿಲಲ್ಲಿ ನಿಂತು ಕೆಮ್ಮೋದು, ನಾನು ಒಳಗಿಂದ ‘ಇದ್ದೀನಿ’ ಅನ್ನೋದು... ಯಾಕೆ ಬೇಕು ಆ ಫಜೀತಿ."

ಎಲ್ಲರೂ ಅವರನ್ನು ಟೇಪಕ್ಕ ಎಂದೇ ಕರೆಯುತ್ತಾರೆ. ಕಂಪನಿಯ ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿದೆಯಂತೆ. ಅದನ್ನೂ ಅವರೇ ಮುಚ್ಚಿದ್ದಾರೆ ಎಂದು ಜೊತೆ ಕೆಲಸಗಾರರು ಕಿಚಾಯಿಸುತ್ತಾರೆ. ಅವರು ಕ್ರೀಡಾ ಮಾರ್ಕೆಟಿಂಗ್ ಕಂಪನಿಯೊಂದರ ನೌಕರರು. ಪಂದ್ಯಾವಳಿಗೆ ಪ್ರಾಯೋಜಕರನ್ನು ತರುವುದು, ಅವರ ಹೆಸರು ಎಲ್ಲೆಲ್ಲಿ ಕಾಣಬೇಕೋ ಅಲ್ಲೆಲ್ಲ ಕಾಣಿಸುವುದು ಆ ಕಂಪನಿಯ ಕಸುಬು. ಟೇಪಕ್ಕನದು ಅದರ ಉಲ್ಟಾ ಕೆಲಸ. ಪ್ರಾಯೋಜಕರದ್ದಲ್ಲದ ಯಾವ ಹೆಸರೂ ಕ್ಯಾಮೆರಾ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವವರು ಇವರು.

ಇವತ್ತು ಶುರುವಾಗುವ ವಾಲಿಬಾಲ್ ಪಂದ್ಯಾವಳಿಗಾಗಿ ಈ ಕಟ್ಟಡದಲ್ಲಿ ಮುಚ್ಚಬೇಕಾದ ಹೆಸರುಗಳು ಇನ್ನೂರ ಹನ್ನೆರಡು. ನಲ್ಲಿ ನಲವತ್ತಾರು, ಫ್ಯಾನು ಮೂವತ್ತೊಂದು, ಗಡಿಯಾರ ಹನ್ನೊಂದು. ಫ್ರಿಜ್ಜು, ಲಿಫ್ಟು, ತೂಕದ ಯಂತ್ರ, ಕೊನೆಗೆ ನೆಲ ಒರೆಸುವ ಬಕೆಟ್ಟಿಗೂ ಬಿಡುಗಡೆಯಿಲ್ಲ. ನಾಲ್ಕು ಬಗೆಯ ಬಿಳಿ, ಆರು ಬಗೆಯ ಬೂದು ಬಣ್ಣದ ಟೇಪುಗಳು ಅವರ ಚೀಲದಲ್ಲಿವೆ. ಯಾವ ಗೋಡೆಗೆ ಯಾವ ಬಿಳಿ ಎಂಬುದನ್ನು ನೋಡಿದ ಕೂಡಲೇ ಹೇಳುತ್ತಾರೆ.

ಆದರೆ ಇವತ್ತು ಅವರ ಮನಸ್ಸು ಈ ಇನ್ನೂರ ಹನ್ನೆರಡರ ಮೇಲೆ ಇಲ್ಲ. ಮುಚ್ಚದೇ ಬಿಡಲೇಬೇಕೆಂದು ಅವರು ಹಟ ಹಿಡಿದಿರುವ ನಾಲ್ಕು ಪೆಟ್ಟಿಗೆಗಳ ಮೇಲಿದೆ. ಏಳು ಗಂಟೆಗೆ ಪ್ರಾಯೋಜಕರ ಕಡೆಯಿಂದ ತಪಾಸಣೆಗೆ ಬರುತ್ತಾರೆ. ಅವರು ಒಪ್ಪದಿದ್ದರೆ ಏನು ಗತಿ ಎಂಬ ಚಿಂತೆಯಲ್ಲಿ ಟೇಪಕ್ಕ ಸರಿಯಾಗಿ ನಿದ್ದೆಯನ್ನೇ ಮಾಡಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಈ ಕಂಪನಿ ಶುರುವಾದಾಗ ಅದರಲ್ಲಿದ್ದವರು ಮೂರೇ ಜನ. ಮಾಲೀಕರು, ಒಬ್ಬ ಗುಮಾಸ್ತ, ಒಬ್ಬ ಪೇಂಟರ್. ಆ ಪೇಂಟರೇ ಟೇಪಕ್ಕನ ಗಂಡ. ಆಗ ಕಂಪನಿ ಕೊಡುತ್ತಿದ್ದ ಸೇವೆಯೂ ಒಂದೇ: ತಗಡಿನ ಮೇಲೆ ಹೆಸರು ಬರೆದು ಮೈದಾನದ ಸುತ್ತ ನಿಲ್ಲಿಸುವುದು. ಒಂದು ದಿನ ಟೇಪಕ್ಕ ಗಂಡನಿಗೆ ಊಟ ತೆಗೆದುಕೊಂಡು ಹೋದಾಗ ಮಾಲೀಕರು ಮೈದಾನದಲ್ಲಿ ತಲೆ ಮೇಲೆ ಕೈಹೊತ್ತು ಕುಳಿತಿದ್ದರು. ಸುತ್ತ ಒಂದು ತಂಪು ಪಾನೀಯದ ಹೆಸರಿನ ತಗಡುಗಳು, ನಡುವೆ ಆಟಗಾರರ ನೀರಿನ ಡ್ರಮ್ಮಿನ ಮೇಲೆ ಅದರ ಎದುರಾಳಿಯ ಹೆಸರು.

"‘ಡ್ರಮ್ ತಿರುಗಿಸಿದ್ರೆ ಆಯ್ತಲ್ಲ’ ಅಂದೆ. ತಿರುಗಿಸಿದ್ರೆ ಆ ಕಡೇನೂ ಅದೇ ಹೆಸರು," ಎಂದು ಅವರು ನಗುತ್ತಾರೆ. "ಇವರ ಕುಂಚ ಒರೆಸೋ ಬಟ್ಟೆ ಇತ್ತಲ್ಲ, ಅದನ್ನೇ ಡ್ರಮ್ಮಿಗೆ ಸುತ್ತಿ ಪಿನ್ ಚುಚ್ಚಿದೆ. ಮಾಲೀಕರು, ‘ಅಕ್ಕಾ, ನಾಳೆಯಿಂದ ನೀವೂ ಬನ್ನಿ’ ಅಂದ್ರು. ಊಟ ಕೊಡೋಕೆ ಬಂದೋಳು ಅಲ್ಲೇ ಉಳ್ಕೊಂಡೆ."

ಆಮೇಲೆ ಫ್ಲೆಕ್ಸ್ ಬಂತು. ಗಂಡನ ಕುಂಚ ಮೂಲೆ ಸೇರಿತು. ಅವರು ಕಂಪನಿಯ ವ್ಯಾನಿನ ಸ್ಟೀರಿಂಗ್ ಹಿಡಿದರು. ಕಂಪನಿ ಆಟಗಾರರ ಅಂಗಿಯ ಮೇಲೆ ಹೆಸರು ಹಾಕಿಸುವುದಕ್ಕೆ ಇಳಿಯಿತು. ಟಿಕೆಟ್ ಮಾರುವುದು, ಪಂದ್ಯಾವಳಿಗಳನ್ನೇ ಪೂರ್ತಿ ನಡೆಸಿಕೊಡುವುದು, ಕಚೇರಿಯ ನೌಕರರಿಗೆ ಭಾನುವಾರದ ಓಟ, ಆಟಗಾರರ ಜಾಹೀರಾತಿನ ವ್ಯವಹಾರ ನೋಡಿಕೊಳ್ಳುವುದು, ಈಗ ಮೊಬೈಲಿಗೆ ಕಿರು ವಿಡಿಯೊಗಳು. ಇವತ್ತು ನಾಲ್ಕು ಅಂತಸ್ತಿನಲ್ಲಿ ನೂರೆಂಬತ್ತು ಜನ ಕೆಲಸ ಮಾಡುತ್ತಾರೆ. ಕಂಪನಿ ಹೊಸ ಸೇವೆ ಶುರು ಮಾಡಿದಾಗಲೆಲ್ಲ ಟೇಪಕ್ಕನಿಗೆ ಮುಚ್ಚಲು ಹೊಸ ಜಾಗ ಸಿಕ್ಕಿತು. ಟಿ.ವಿ. ಕ್ಯಾಮೆರಾ ಇದ್ದಾಗ ಅಂಗಣ ಮುಚ್ಚಿದರೆ ಸಾಕಿತ್ತು. ಮೊಬೈಲ್ ವಿಡಿಯೊದವರು ಬಟ್ಟೆ ಬದಲಿಸುವ ಕೋಣೆಗೂ ನುಗ್ಗಿದ ಮೇಲೆ ಆಟಗಾರರ ಬಾಚಣಿಗೆ, ಸೋಪಿನ ಡಬ್ಬಿಗಳೂ ಪಟ್ಟಿಗೆ ಸೇರಿದವು.

"ಕಂಪ್ಯೂಟರೇ ಹೆಸರು ಅಳಿಸುತ್ತೆ, ಇನ್ನು ನಿಮಗೆ ಕೆಲಸ ಇರಲ್ಲ ಅಂತ ಹುಡುಗರು ಹೆದರಿಸಿದ್ರು. ನಾನೂ ಹೆದರಿದ್ದೆ. ಆದ್ರೆ ಆರು ಸಾವಿರ ಜನ ಆರು ಸಾವಿರ ಫೋನ್ ಹಿಡ್ಕೊಂಡು ಕೂತಿರ್ತಾರೆ. ಅಷ್ಟೂ ಫೋನಿನಲ್ಲಿ ಅಳಿಸೋ ಕಂಪ್ಯೂಟರ್ ಎಲ್ಲಿದೆ?"

ಕೈಗೆ ಹತ್ತಿದ ಅಭ್ಯಾಸ ಮನೆಯಲ್ಲೂ ಬಿಡುವುದಿಲ್ಲ. ಅಡುಗೆಮನೆಯ ಒಂದು ಡಬ್ಬಿಗೂ ಹೆಸರಿಲ್ಲ. ಗಂಡ ಒಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ತಲೆಗೆ ಹಚ್ಚಿಕೊಂಡು ಕೂತಿದ್ದರು. ಇನ್ನು ಅತ್ತೆಗೆ ಸೊಸೆಯ ಕೆಲಸದ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಪಕ್ಕದ ಮನೆಯವರನ್ನು ಟಿ.ವಿ. ಮುಂದೆ ಕೂರಿಸಿಕೊಂಡು, "ಅಲ್ಲಿ ಏನೂ ಕಾಣ್ತಿಲ್ಲ ಅಲ್ವಾ? ಅದನ್ನ ಮಾಡಿದ್ದು ನಮ್ಮ ಸೊಸೆ," ಎನ್ನುತ್ತಾರೆ. ಪಕ್ಕದ ಮನೆಯವರು ಪಾಪ, ಹೂಂಗುಟ್ಟುತ್ತಾರೆ.

ಇದೆಲ್ಲ ನಗುತ್ತಾ ಹೇಳುವ ಟೇಪಕ್ಕ ಹದಿಮೂರು ತಿಂಗಳ ಹಿಂದಿನ ಮಾತು ಬಂದ ಕೂಡಲೇ ಟೇಪಿನ ಸುರುಳಿಗಳನ್ನು ಒಂದೊಂದಾಗಿ ಕೈಯಿಂದ ತೆಗೆದು ಪಕ್ಕಕ್ಕಿಡುತ್ತಾರೆ.

ಅವತ್ತೂ ಇದೇ ಕ್ರೀಡಾಂಗಣ. ಇಲ್ಲಿನ ಗೋಡೆಗಳಲ್ಲಿ ನಾಲ್ಕು ಬಿಳಿ ಪೆಟ್ಟಿಗೆಗಳಿವೆ. ಎದೆಬಡಿತ ನಿಂತವರಿಗೆ ಶಾಕ್ ಕೊಟ್ಟು ಎಬ್ಬಿಸುವ ಯಂತ್ರ ಅವುಗಳ ಒಳಗಿದೆ. ಮುಚ್ಚಳದ ಮೇಲೆ ಕೆಂಪು ಹೃದಯದ ಗುರುತು, ಅದರ ಸುತ್ತ ಗುಂಡಗೆ ತಯಾರಕರ ಹೆಸರು. ಒಂದನ್ನು ಮುಚ್ಚಿದರೆ ಇನ್ನೊಂದೂ ಹೋಗುತ್ತದೆ. ಟೇಪಕ್ಕ ಗೋಡೆಯ ಬಣ್ಣದ್ದೇ ಬಿಳಿ ಟೇಪು ಆರಿಸಿ ನಾಲ್ಕನ್ನೂ ಮುಚ್ಚಿದ್ದರು. ಮಧ್ಯಾಹ್ನ ಎರಡನೇ ಪಂದ್ಯದ ನಡುವೆ ಮೂಲೆಯಲ್ಲಿ ಬಾವುಟ ಹಿಡಿದು ನಿಂತಿದ್ದ ಗೆರೆ ತೀರ್ಪುಗಾರರು, ಅಂದರೆ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಹೇಳುವವರು, ನಿಂತಲ್ಲೇ ಕುಸಿದರು. ವೈದ್ಯರ ಜೊತೆಯ ನರ್ಸ್ ಪೆಟ್ಟಿಗೆಗಾಗಿ ಓಡಿದರು. ಗೋಡೆಯ ಉದ್ದಕ್ಕೂ ಒಮ್ಮೆ ಹೋದರು, ಒಮ್ಮೆ ಬಂದರು. ಪೆಟ್ಟಿಗೆ ಕಾಣಲೇ ಇಲ್ಲ.

"ಮೇಲೆ ಗ್ಯಾಲರಿಯಲ್ಲಿ ಕೂತು ನೋಡ್ತಿದ್ದೆ. ಅವರು ಏನು ಹುಡುಕ್ತಿದಾರೆ ಅಂತ ಗೊತ್ತಾದಾಗ ಎದ್ದು ಓಡಿದೆ. ಮೆಟ್ಟಿಲು ಹೇಗಿಳಿದೆನೋ ಗೊತ್ತಿಲ್ಲ. ಉಗುರಲ್ಲೇ ಟೇಪು ಕಿತ್ತೆ." ಮತ್ತೆ ಸೇರಿಸುತ್ತಾರೆ: "ಕಾಣದ ಹಾಗೆ ಮಾಡೋದೇ ನನ್ನ ಕೆಲಸ. ಅವತ್ತು ಅದನ್ನ ತುಂಬಾ ಚೆನ್ನಾಗಿ ಮಾಡಿಬಿಟ್ಟಿದ್ದೆ."

ತೀರ್ಪುಗಾರರು ಬದುಕಿದರು. ಗದ್ದಲದಲ್ಲಿ ಟೇಪಿನ ವಿಷಯ ಯಾರ ಗಮನಕ್ಕೂ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಟೇಪಕ್ಕ ಮರುದಿನ ಬೆಳಿಗ್ಗೆ ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಕೆಲಸ ಹೋಯಿತು ಎಂದೇ ಅಂದುಕೊಂಡು ಹೋಗಿದ್ದರು. ಮಾಲೀಕರು ಅವರನ್ನು ಕೂರಿಸಿ ಪೂರ್ತಿ ಕೇಳಿದರು. ಕೊನೆಗೆ, "ಮುಚ್ಚಬಾರದ್ದು ಯಾವುದು ಅಂತ ನಾವ್ಯಾರೂ ನಿಮಗೆ ಹೇಳೇ ಇರಲಿಲ್ಲ. ನೀವೇ ಬರೀರಿ ಅಕ್ಕಾ," ಎಂದರು.

ಅವರು ಬರೆದರು. ಹತ್ತೊಂಬತ್ತು ಸಂಗತಿಗಳ ಪಟ್ಟಿ: ಬೆಂಕಿ ಆರಿಸುವ ಸಿಲಿಂಡರು, ತುರ್ತು ಬಾಗಿಲು, ಲಿಫ್ಟಿನ ಗಂಟೆ, ಮೊದಲಿಗೇ ಶಾಕ್ ಪೆಟ್ಟಿಗೆ. ಈಗ ಬೇರೆಯವರು ನಡೆಸುವ ಪಂದ್ಯಾವಳಿಗಳಿಗೂ ಕಂಪನಿ ಈ ಪಟ್ಟಿ ಹಿಡಿದು ಪರಿಶೀಲನೆ ಮಾಡಿಕೊಡುತ್ತದೆ. ಅದರ ಸೇವೆಗಳಲ್ಲಿ ಇದೇ ಎಲ್ಲಕ್ಕಿಂತ ಹೊಸದು. ಟೇಪಕ್ಕ ಹನ್ನೆರಡು ಜನರಿಗೆ ತರಬೇತಿ ಕೊಟ್ಟಿದ್ದಾರೆ. ಆದರೆ ಆ ತೀರ್ಪುಗಾರರಿಗೆ ಮಾತ್ರ ಟೇಪಿನ ವಿಷಯ ಹೇಳಲು ಅವರಿಗೆ ಇನ್ನೂ ಬಾಯಿ ಬಂದಿಲ್ಲ. ಅವರು ಚೇತರಿಸಿಕೊಂಡು ಇವತ್ತು ಮೊದಲ ಸಲ ಇದೇ ಅಂಗಣಕ್ಕೆ ಕರ್ತವ್ಯಕ್ಕೆ ಬರುತ್ತಿದ್ದಾರೆ.

ಏಳು ಗಂಟೆಗೆ ಸರಿಯಾಗಿ ತಪಾಸಣೆಯ ಮೇಡಂ ಬರುತ್ತಾರೆ. ಮೂವತ್ತರ ಆಸುಪಾಸಿನವರು, ಚುರುಕು ಕಣ್ಣು. ನಲ್ಲಿ, ಫ್ಯಾನು, ಗಡಿಯಾರ ಎಲ್ಲ ದಾಟಿ ಬಂದವರು ಆಟಗಾರರ ಬೆಂಚಿನ ಹಿಂದಿನ ಗೋಡೆಯ ಮುಂದೆ ನಿಲ್ಲುತ್ತಾರೆ. "ಇದು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಮೇಡಂ, ಬಿಟ್ಟಿದ್ದೀನಿ."

ಮೇಡಂ ಕ್ಯಾಮೆರಾದವರ ಪರದೆಯಲ್ಲಿ ತೋರಿಸುತ್ತಾರೆ. ಬೆಂಚು ಬಂದಾಗಲೆಲ್ಲ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ. ಒಂದು ಹೆಸರು ಕಂಡರೂ ಕರಾರು ಮುರಿದಂತೆ. ಕರಾರು ಮೂರು ವರ್ಷದ್ದು. ಟೇಪಕ್ಕ ಫೋನ್ ಮಾಡಿದರೆ ಮಾಲೀಕರ ದನಿಯೂ ಸಣ್ಣದಾಗಿದೆ. "ಅಕ್ಕಾ, ಬೇರೆ ದಾರಿ ಏನಾದ್ರೂ ಇದೆಯಾ ನೋಡಿ."

ಟೇಪಕ್ಕ ಫೋನ್ ಇಟ್ಟು ಮೇಡಂ ಕಡೆ ತಿರುಗುತ್ತಾರೆ. "ಮೇಡಂ, ಆ ಕಡೆ ಓಣಿಯಲ್ಲಿ ಇಂಥದ್ದೇ ಇನ್ನೊಂದಿದೆ. ನೀವಿನ್ನೂ ನೋಡಿಲ್ಲ. ಐದು ನಿಮಿಷ ಕೊಡಿ, ಅದನ್ನ ಮುಚ್ತೀನಿ. ಆಮೇಲೆ ನೀವೇ ಹುಡುಕಿ. ಯಾರೋ ನಿಮ್ಮವರು ಇಲ್ಲಿ ಬಿದ್ದಿದಾರೆ ಅಂದ್ಕೊಳ್ಳಿ."

ಹದಿಮೂರು ತಿಂಗಳ ನಂತರ ಅವರು ಆ ಹೃದಯದ ಮೇಲೆ ಮತ್ತೆ ಬಿಳಿ ಟೇಪು ಎಳೆಯುತ್ತಾರೆ. ಅಂಚು ಒಂದಿಷ್ಟೂ ಸೊಟ್ಟಗಾಗುವುದಿಲ್ಲ. ಮೇಡಂ ಓಣಿಗೆ ಬಂದು ನಗುತ್ತಲೇ ಹುಡುಕತೊಡಗುತ್ತಾರೆ. ತುದಿಯವರೆಗೆ ಹೋಗುತ್ತಾರೆ. ತಿರುಗಿ ಬರುವಾಗ ಮುಖದಲ್ಲಿ ನಗುವಿಲ್ಲ. ಗೋಡೆಯ ಮೇಲೆ ಕೈಯಾಡಿಸಿಕೊಂಡು ಮತ್ತೆ ಹೊರಡುತ್ತಾರೆ. ಕೈ ಪೆಟ್ಟಿಗೆಗೆ ತಗುಲುವ ಹೊತ್ತಿಗೆ ಟೇಪಕ್ಕನ ಗಡಿಯಾರದಲ್ಲಿ ಐವತ್ತೆಂಟು ಸೆಕೆಂಡು ಕಳೆದಿದೆ.

"ತೆಗೀರಿ ಅದನ್ನ," ಎನ್ನುತ್ತಾರೆ ಮೇಡಂ ಮೆಲ್ಲಗೆ. ಹಾಗೆಂದು ಪಕ್ಕಕ್ಕೆ ಹೋಗಿ ತಮ್ಮ ಕಚೇರಿಗೆ ಫೋನ್ ಮಾಡುತ್ತಾರೆ. ಒಂದು ಫೋನ್ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಇಪ್ಪತ್ತೈದು ನಿಮಿಷ ಟೇಪಕ್ಕ ಕಿತ್ತ ಟೇಪನ್ನು ಉಂಡೆ ಮಾಡುತ್ತಾ ಕಾಯುತ್ತಾರೆ. ಕೊನೆಗೆ ಮೇಡಂ ಬಂದು, "ನಾಲ್ಕೂ ಹಾಗೇ ಇರಲಿ ಅಂದ್ರು. ಲಿಖಿತವಾಗಿ ಕಳಿಸ್ತಾರೆ. ಮುಂದಿನ ಕರಾರಿನಿಂದ ನಿಮ್ಮ ಪಟ್ಟೀನೂ ಅದರಲ್ಲಿ ಸೇರುತ್ತೆ," ಎನ್ನುತ್ತಾರೆ. ಟೇಪಕ್ಕ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕುಳಿತುಬಿಡುತ್ತಾರೆ. ವ್ಯಾನಿನಿಂದ ಗಂಡ ಚಹಾ ತಂದು ಕೊಟ್ಟಾಗ ಅರ್ಧ ಲೋಟ ಒಂದೇ ಗುಟುಕಿಗೆ ಇಳಿಯುತ್ತದೆ. "ಬಿಸಿ ಇದೆ ಕಣೇ," ಎಂದು ಗಂಡ ಹೇಳುವಷ್ಟರಲ್ಲಿ ಅದು ಹೊಟ್ಟೆ ಸೇರಿಯಾಗಿದೆ.

ಒಂಬತ್ತೂವರೆಗೆ ಗೆರೆ ತೀರ್ಪುಗಾರರು ಬರುತ್ತಾರೆ. ಸ್ವಲ್ಪ ಇಳಿದುಹೋಗಿದ್ದಾರೆ, ಅಂಗಿ ಸಡಿಲವಾಗಿದೆ, ಕಂಕುಳಲ್ಲಿ ಕೆಂಪು ಬಾವುಟ. ಟೇಪಕ್ಕ ಎದ್ದು ಹೋಗಿ ಅವರನ್ನು ಬೆಂಚಿನ ಹಿಂದಿನ ಪೆಟ್ಟಿಗೆಯ ಹತ್ತಿರ ಕರೆದೊಯ್ಯುತ್ತಾರೆ. "ಅಣ್ಣಾ, ನಿಮಗೊಂದು ವಿಷಯ ಹೇಳಬೇಕಿತ್ತು. ಅವತ್ತು ಇದನ್ನ ಮುಚ್ಚಿದ್ದು ನಾನು. ನರ್ಸಿಗೆ ಸಿಗಲಿಲ್ಲ. ನನ್ನಿಂದಾನೇ ತಡ ಆಯ್ತು." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬರುತ್ತದೆ.

ತೀರ್ಪುಗಾರರು ಪೆಟ್ಟಿಗೆಯನ್ನು ನೋಡುತ್ತಾರೆ, ಟೇಪಕ್ಕನ ಕೈಗಳನ್ನು ನೋಡುತ್ತಾರೆ. ಇಪ್ಪತ್ತೆಂಟು ವರ್ಷ ತೀರ್ಪು ಕೊಟ್ಟವರು, ಅವಸರ ಮಾಡುವುದಿಲ್ಲ.

"ನೋಡಮ್ಮಾ, ನಮ್ಮ ಆಟದಲ್ಲಿ ಚೆಂಡು ಗೆರೆ ಮುಟ್ಟಿದ್ರೆ ಅದು ಒಳಗೇ ಲೆಕ್ಕ. ನಾನು ಗೆರೆ ಮುಟ್ಟಿ ಬಂದೆ, ಅಷ್ಟೆ. ಒಳಗಿದ್ದೀನಿ."

ಹಾಗೆಂದು ಬಾವುಟವನ್ನು ನೆಲದತ್ತ ಚಾಚಿ, ‘ಒಳಗೆ’ ಎಂಬ ಸನ್ನೆ ಮಾಡಿ ತಮ್ಮ ಮೂಲೆಗೆ ನಡೆಯುತ್ತಾರೆ. ಟೇಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡುತ್ತಾರೆ. ಎದೆಯ ಮೇಲಿನ ಭಾರ ಇಳಿದಿರುವುದು ಅವರ ನಡಿಗೆಯಲ್ಲೇ ಕಾಣುತ್ತದೆ. ಸೀಟಿ ಮೊಳಗುತ್ತದೆ, ಪಂದ್ಯ ಶುರುವಾಗುತ್ತದೆ.

"ಇಷ್ಟು ವರ್ಷ ಏನು ಕೆಲಸ ಮಾಡ್ತೀಯ ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ ನನ್ನ ಹತ್ರ ಏನೂ ಇರಲಿಲ್ಲ," ಎನ್ನುತ್ತಾರೆ ಗ್ಯಾಲರಿಯ ಮೆಟ್ಟಿಲು ಹತ್ತುತ್ತಾ. "ಮುಚ್ಚಿದ್ದನ್ನ ಹೇಗೆ ತೋರಿಸೋದು ಹೇಳಿ. ಇನ್ಮೇಲೆ ಆ ಪೆಟ್ಟಿಗೆ ತೋರಿಸ್ತೀನಿ. ‘ಅಲ್ಲಿ ಕಾಣುತ್ತಲ್ಲ, ಅದು ನಾನು ಬಿಟ್ಟಿದ್ದು’ ಅಂತ."