ಹಳದಿ ಸೀರೆಯ ಲೈನಿನಲ್ಲಿ ನಮ್ಮ ಅಕ್ಕ

"ಕಾಕಾ, ಹಳದಿ ಕುರ್ತಾ ಹಾಕ್ಕೊಂಡ ಬಂದ್ರ ಫೋಟೋದಾಗ. ಇಲ್ಲಾಂದ್ರ ಗೇಟಿನ ಹೊರಗ."

ನನ್ನ ಅಣ್ಣನ ಮಗಳು ಐಶ್ವರ್ಯಾ ಮನೆಮಂದಿಯ ವಾಟ್ಸಪ್ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜು ಇದು. ಕಳೆದ ವಾರ ಐನಾಪುರದಲ್ಲಿ ಅವಳ ಮದುವೆ. ಹಿಂದಿನ ದಿನ ಬೆಳಿಗ್ಗೆ ಅರಿಷಿಣ. ತಪ್ಪಾಯಿತು, ಈಗ ಅರಿಷಿಣ ಅನ್ನಬಾರದಂತೆ, "ಹಳದಿ ಫಂಕ್ಷನ್" ಅನ್ನಬೇಕಂತೆ. ಅದಕ್ಕೊಂದು ಡ್ರೆಸ್ ಕೋಡ್. ಹೆಂಗಸರಿಗೆಲ್ಲ ಒಂದೇ ಹಳದಿ ಸೀರೆ, ಗಂಡಸರಿಗೆಲ್ಲ ಒಂದೇ ಹಳದಿ ಕುರ್ತಾ.

ನಾನೋ, ಚಿಕ್ಕೋಡಿಯ ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಪಾಠ ಹೇಳುತ್ತಿರುವವನು. ಯಾರ ಮದುವೆಗಾದರೂ ಬಿಳಿ ಅಂಗಿ, ಕರಿ ಪ್ಯಾಂಟು. ನಮ್ಮ ಮದುವೆಯಲ್ಲೂ ಸೂಟು ಹಾಕಲಿಲ್ಲ ಅಂತ ಹೆಂಡತಿ ಶಾರದಾ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಂಥವನಿಗೆ ಐವತ್ತಾರನೇ ವಯಸ್ಸಿನಲ್ಲಿ ಹಳದಿ ಕುರ್ತಾ? "ಆಗೂದಿಲ್ಲ" ಅಂತ ಗ್ರೂಪಿನಲ್ಲೇ ಬರೆದೆ. ಹನ್ನೊಂದು ಮಂದಿ ನಗುವ ಇಮೋಜಿ ಹಾಕಿದರು. ಒಬ್ಬರಾದರೂ ನನ್ನ ಪರ ನಿಂತರಾ? ಊಹೂಂ.

ಅಲ್ರೀ, ಎಲ್ಲರೂ ಒಂದೇ ಥರ ಯಾಕಾಗಬೇಕು? ಈಗ ನಿಪ್ಪಾಣಿಯಿಂದ ಅಥಣಿವರೆಗೆ ಎಲ್ಲಿ ಹೋದರೂ ಒಂದೇ ಮದುವೆಗೆ ಮತ್ತೆ ಮತ್ತೆ ಹೋದಂಗಾಗುತ್ತದೆ. ಅದೇ ಡಿಜೆ, ಅದೇ ಪ್ಲಾಸ್ಟಿಕ್ ಹೂವಿನ ಗೋಡೆ, ಗಂಡಸರ ತಲೆಗೆಲ್ಲ ಅದೇ ಗುಲಾಬಿ ಫೇಟಾ. (ಒಮ್ಮೆ ರಾಯಬಾಗದಲ್ಲಿ ಫೇಟಾ ಕಟ್ಟಿಸಿಕೊಂಡು, ಅಕ್ಷತೆ ಹಾಕಿ, ಊಟ ಮುಗಿಸಿ ಕೈ ತೊಳೆಯುವಾಗ ಗೊತ್ತಾಯಿತು, ನಾನು ಹೋಗಬೇಕಿದ್ದ ಮದುವೆ ಪಕ್ಕದ ಮಂಗಲ ಕಾರ್ಯಾಲಯದಲ್ಲಿತ್ತು. ಊಟ ಮಾತ್ರ ಚೆನ್ನಾಗಿತ್ತು.) ನಮ್ಮ ಕಾಲದಲ್ಲಿ ಅರಿಷಿಣಕ್ಕೆ ಹೊಸ ಬಟ್ಟೆ ಯಾರು ಹಾಕುತ್ತಿದ್ದರು? ಕಲೆ ಹೋಗೋದಿಲ್ಲ ಅಂತ ಹಳೇ ಸೀರೆ, ತೂತು ಬಿದ್ದ ಬನಿಯನ್ನು.

ಇದನ್ನೆಲ್ಲ ಶಾರದಾಳ ಮುಂದೆ ಹೇಳಿದೆ. "ಅದನ್ನ ನಿಮ್ಮ ಕಾಲಂನ್ಯಾಗ ಬರ್ಕೋರಿ. ನಾ ಅಂತೂ ಸೀರಿ ಉಡಾಕಿ" ಅಂದಳು.

ಈಗ ನಮ್ಮ ಅಕ್ಕನ ವಿಷಯ ಹೇಳಬೇಕು. ಶಾಂತಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ಮೂರೇ ವರ್ಷಕ್ಕೆ ಭಾವ ತೀರಿಕೊಂಡರು. ಅವತ್ತು ಐನಾಪುರದ ತವರಿಗೆ ಬಂದವಳು ಅಣ್ಣನ ಮನೆಯಲ್ಲೇ ಉಳಿದಳು. ಅಣ್ಣನ ಹೆಂಡತಿ, ನಮ್ಮ ವೈನಿಗೆ ಸಾಲಿಯಲ್ಲಿ ಟೀಚರ್ ನೌಕರಿ. ಹಾಗಾಗಿ ಐಶ್ವರ್ಯಾಳಿಗೆ ಎಣ್ಣೆ ಹಚ್ಚಿ ಎರೆದು, ಹೆರಳು ಹಾಕಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದ್ದು ಅಕ್ಕನೇ. ಆ ಹುಡುಗಿಯ ಬಾಯಿಂದ ಮೊದಲು ಬಂದ ಮಾತೇ "ಅತ್ತಿ."

ಆದರೆ ಮದುಮಗಳಿಗೆ ಅರಿಷಿಣ ಹಚ್ಚೋರು ಮುತ್ತೈದೆಯರು. ಗಂಡನನ್ನು ಕಳೆದುಕೊಂಡವರು ಆ ಕಡೆ ಸುಳಿಯೋದಿಲ್ಲ. ನಮ್ಮ ಮನೆಯಲ್ಲಿ ಎಷ್ಟೋ ಮದುವೆಯಾದವು, ನನ್ನದೂ ಆಯಿತು. ಪ್ರತಿ ಸಲ ಅರಿಷಿಣದ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿ. ಹಬ್ಬಕ್ಕೆ ಬಣ್ಣದ ಸೀರೆ ತಂದುಕೊಟ್ಟರೆ ಮಡಿಚಿ ಟ್ರಂಕಿನಲ್ಲಿಡುತ್ತಿದ್ದಳು. "ಮಂದಿ ಏನಂತಾರ?" ಇದೊಂದೇ ಮಾತು. ಉಟ್ಟದ್ದು ಸುಮಾರು ನಲವತ್ತು ವರ್ಷ ಬರೀ ಬೂದಿ ಬಣ್ಣ.

ಈ ಸಲ ನನಗೆ ನಿಜಕ್ಕೂ ಸಂಕಟವಾಗಿತ್ತು. ತಾನೇ ಸಾಕಿದ ಹುಡುಗಿಗೆ ಊರೆಲ್ಲ ಅರಿಷಿಣ ಹಚ್ಚುವಾಗ ಅಕ್ಕ ಒಳಗೆ ಭಜಿ ಕರಿಯುತ್ತಾ ಕೂರಬೇಕಾ? (ಸಂಕಟಪಟ್ಟು ನೀವೇನು ಮಾಡಿದಿರಿ ಅಂತ ಕೇಳಬೇಡಿ. ವಿಧವೆಯರ ಕಷ್ಟದ ಬಗ್ಗೆ ಇದೇ ಅಂಕಣದಲ್ಲಿ ಎರಡು ಸಲ ಬರೆದಿದ್ದೇನೆ. ಎರಡನ್ನೂ ಓದಿ ಅಕ್ಕ "ಚಲೋ ಬರ್ದಿ" ಅಂದಿದ್ದಳು. ಅಂದದ್ದು ಅಡುಗೆಮನೆಯಿಂದಲೇ.)

ಅವತ್ತು ಬಿಳಿ ಅಂಗಿಯಲ್ಲೇ ಹೋದೆ. ಅಂಗಳದ ತುಂಬ ಹಳದಿಯೋ ಹಳದಿ. ಇಪ್ಪತ್ತು ಮೂವತ್ತು ಹೆಂಗಸರು, ಎಲ್ಲರದೂ ಅದೇ ಸೀರೆ, ಅದೇ ಅಂಚು. ಸಾಲದ್ದಕ್ಕೆ ರೀಲ್ಸ್ ಮಾಡಲಿಕ್ಕೆ ಅಂತ ಫೋಟೋಗ್ರಾಫರ್ ಎಲ್ಲರ ಕಣ್ಣಿಗೂ ಕರೀ ಗಾಗಲ್ ಏರಿಸಿದ್ದ. ನನ್ನ ಹೆಂಡತಿಯನ್ನು ಹುಡುಕಲಿಕ್ಕೇ ಐದು ನಿಮಿಷ ಬೇಕಾಯಿತು. (ಗುರುತು ಸಿಕ್ಕಿದ್ದು ಅವಳ ನಗು ಕೇಳಿ.)

ಅಷ್ಟರಲ್ಲಿ ಒಳಗಿಂದ ಅರಿಷಿಣದ ಬಟ್ಟಲು ಹಿಡಿದು ಒಬ್ಬಾಕೆ ಬಂದಳು. ಹಳದಿ ಸೀರೆ. ನೋಡಿದರೆ ನಮ್ಮ ಅಕ್ಕ!

"ಅಕ್ಕಾ, ನೀನೂ ಉಟ್ಟೇನ?"

ಅವಳು ನಾಚಿ ಸೆರಗು ಎಳೆದುಕೊಂಡಳು. "ಏನ್ ಮಾಡ್ಲೋ ತಮ್ಮಾ. ಎಲ್ಲಾರೂ ಹಳದಿ ಉಟ್ಟಾರ. ನಾ ಒಬ್ಬಾಕೀನ ಬ್ಯಾರೆ ಉಟ್ರ ಮಂದಿ ಏನಂತಾರ?"

ಇಷ್ಟು ವರ್ಷ ಬೂದಿ ಸೀರೆ ಉಡಿಸಿದ ಮಾತೇ ಇವತ್ತು ಹಳದಿ ಸೀರೆ ಉಡಿಸಿತ್ತು. ನನಗೆ ನಗು ಬಂತು.

ಬಟ್ಟಲು ಕೊಟ್ಟು ಅಕ್ಕ ಒಳಗೆ ತಿರುಗಿದಳು. ಫೋಟೋಗ್ರಾಫರ್ ಬಿಡಬೇಕಲ್ಲ! "ಹಳದಿ ಸೀರಿ ಎಲ್ಲಾರೂ ಲೈನಿಗೆ ಬರ್ರಿ! ಅವ್ವಾರ, ನೀವ ಎಲ್ಲಿಗಿ ಹೊಂಟ್ರಿ? ಬರ್ರಿ ಬರ್ರಿ." ಅಕ್ಕ ಯಾರಿಗೂ ಇಲ್ಲ ಅಂದವಳಲ್ಲ. ಅವಳ ಕಣ್ಣಿಗೂ ಒಂದು ಗಾಗಲ್ ಬಂತು. ಹಿಂದೆಯೇ ನನಗೂ ಆರ್ಡರ್ ಬಂತು: "ಬಿಳಿ ಅಂಗಿ ಸರ್, ನೀವು ಸ್ವಲ್ಪ ಸೈಡಿಗೆ."

ಲೈನಿನ ಮುಂದೆ, ಮದುಮಗಳ ಪಕ್ಕ, ಬಟ್ಟಲು ಹಿಡಿದು ಕೂತವಳು ಉಗಾರ ಬುದ್ರುಕದ ಕಾಕು. ನಮ್ಮ ಚಿಕ್ಕಪ್ಪನ ಹೆಂಡತಿ, ಎಪ್ಪತ್ತು ದಾಟಿದ ಮುತ್ತೈದೆ. ನಮ್ಮ ಮನೆತನದ ಶಾಸ್ತ್ರಕ್ಕೆಲ್ಲ ಅವಳೇ ಹೈಕೋರ್ಟು. ಒಂದು ಅಕ್ಕಿಕಾಳು ತಪ್ಪಿ ಬಿದ್ದರೂ ಬಿಡೋಳಲ್ಲ. ಅವಳಿಗೂ ಗಾಗಲ್ ಹಾಕಿಸಿದ್ದರು! ಒಬ್ಬೊಬ್ಬರ ಕೈ ಹಿಡಿದು ಬಟ್ಟಲಲ್ಲಿ ಅದ್ದಿ, "ಹೂಂ, ಹಚ್ಚ ಬೇ... ಮುಂದಿನಾಕಿ ಬಾ" ಅನ್ನುತ್ತಿದ್ದಳು. ಅಕ್ಕನ ಸರದಿ ಬಂತು. ಕಾಕು ಮುಖ ನೋಡದೆ ಕೈ ಹಿಡಿದಳು, ಅದ್ದೇ ಬಿಟ್ಟಳು.

ಅಕ್ಕ ಹಿಂದೆ ಸರಿಯಲಿಕ್ಕೆ ನೋಡಿದಳು. "ಕಾಕೂ, ನಾನ್ರೀ... ಶಾಂತಾ."

ಕಾಕು ಗಾಗಲ್ ಹಣೆಗೇರಿಸಿ ನೋಡಿದಳು. ಈಗ ನಾನು ಹೋಗಿ ಒಂದು ಮಾತು ಹೇಳಬೇಕು, "ಹಚ್ಚಲಿ ಬಿಡ್ರಿ ಕಾಕೂ" ಅನ್ನಬೇಕು. ಕಾಲೂ ಏಳಲಿಲ್ಲ, ನಾಲಿಗೆಯೂ ಏಳಲಿಲ್ಲ. ಹಿಂದಿನ ಹೆಂಗಸರು ಮಾತ್ರ ಡಿಜೆ ಗದ್ದಲದಲ್ಲಿ ಏನೂ ತಿಳಿಯದೆ "ನಡೀರಿ ಮುಂದ" ಅಂತ ನೂಕುತ್ತಿದ್ದರು.

ಕಾಕು ಅಕ್ಕನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ಎರಡೂ ಹಳದಿ.

"ಅಯ್ಯ, ಹತ್ತೇ ಹೋತಲ್ಲ! ಇನ್ನ ತೊಳ್ಕೊಂಡ ಹೋಗಾಕಿ ಏನು? ಹಚ್ಚ, ಲಗೂನ ಹಚ್ಚ. ಹಿಂದ ಲೈನ್ ನಿಂತೈತಿ."

ಐಶ್ವರ್ಯಾ ಮುಖ ಮುಂದೆ ಚಾಚಿದಳು. ಅಕ್ಕ ಎರಡೂ ಕೆನ್ನೆಗೆ ಹಚ್ಚಿದಳು. ಹಣೆಗೆ ಹಚ್ಚಿದಳು. ಆಮೇಲೆ ತೋಳು, ಮುಂಗೈ, ಪಾದ. ಕೂಸಿಗೆ ಎಣ್ಣೆ ಹಚ್ಚಿ ತಿಕ್ಕುವ ಹಾಗೆ ತಿಕ್ಕುತ್ತಲೇ ಇದ್ದಳು. ಫೋಟೋಗ್ರಾಫರ್ "ಸಾಕ್ರಿ ಅವ್ವಾರ, ನೆಕ್ಸ್ಟ್" ಅಂದ. "ಸುಮ್ನಿರ್ರಿ, ನಮ್ಮ ಅತ್ತಿ ಹಚ್ಚಾಕತ್ತಾಳ" ಅಂತ ಐಶ್ವರ್ಯಾ ಅವನನ್ನೇ ಗದರಿಸಿದಳು. ಜೀವಮಾನದಲ್ಲಿ ಮೊದಲ ಸಲ ನಮ್ಮ ಅಕ್ಕ ಹತ್ತು ಮಂದಿಯನ್ನು ಕಾಯಿಸಿದಳು. ನಾನು ಅತ್ತೆ. ಮುಚ್ಚಿಟ್ಟು ಏನಾಗಬೇಕಿದೆ, ಗೇಟಿನ ಹತ್ತಿರ ನಿಂತು ಚೆನ್ನಾಗಿ ಅತ್ತೆ.

ಯೋಚನೆ ಮಾಡಿದರೆ ನನಗೇ ನಾಚಿಕೆ. ಎಲ್ಲರಂತೆ ಆಗೋದು ಕುರಿ ಬುದ್ಧಿ ಅಂತ ಮೂಗು ಮುರಿದವನು ನಾನು. ಆ ಕುರಿ ಬುದ್ಧಿಯೇ ಅಕ್ಕನನ್ನು ಅಡುಗೆಮನೆಯಿಂದ ಹೊರಗೆ ಕರೆತಂತು. ಬೇರೆಯೇ ಇರುತ್ತೇನೆ ಅಂತ ಬೀಗಿದ ನನ್ನಿಂದ ಅವಳಿಗೆ ಮೂರು ಕಾಸಿನ ಉಪಯೋಗ ಆಗಲಿಲ್ಲ. ಎಲ್ಲರಂತೆ ಇರೋದು ಒಳ್ಳೆಯದೋ ಕೆಟ್ಟದ್ದೋ ಅಂತ ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಆ "ಎಲ್ಲರೂ" ಯಾವ ಕಡೆ ಹೊರಟಿದ್ದಾರೆ ಅಂತ ಮೊದಲು ನೋಡುತ್ತೇನೆ.

ಮಧ್ಯಾಹ್ನ ಐಶ್ವರ್ಯಾಳನ್ನು ಹಿಡಿದು ಕೇಳಿದೆ, ಇದೆಲ್ಲ ಬೇಕಂತಲೇ ಮಾಡಿದೆಯಾ ಅಂತ. ಕಳ್ಳಿ ನಕ್ಕಳು. "ಕಾಕಾ, 'ಅತ್ತಿ, ನೀ ಒಬ್ಬಾಕಿ ಬಾ' ಅಂದಿದ್ರ ಆಕಿ ಬರ್ತಿದ್ದಿಲ್ಲ. ಎಲ್ಲಾರೂ ಉಡ್ತಾರ ಅಂದೆ, ಉಟ್ಲು. ಕಾಕು ಕೈ ಹಿಡೀತಾಳಂತ ನನಗೂ ಗೊತ್ತಿರಲಿಲ್ಲ ಬಿಡ್ರಿ."

ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಸೀರೆ ಇನ್ನೂ ಬದಲಿಸಿರಲಿಲ್ಲ. ಮುಖದಲ್ಲಿ ಅಷ್ಟು ನಿರಾಳ ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಚೇಷ್ಟೆ ಮಾಡಿದೆ. "ನಿನ್ನ ಸೊಸಿ ಬಾಳ ಶಾಣ್ಯಾ ಅದಾಳಕ್ಕಾ. ಸುಮ್ನ ಕರದ್ರ ನೀ ಬರ್ತಿದ್ದಿಲ್ಲಂತ."

ಅಕ್ಕ ಕಪ್ಪಿನಿಂದ ಬಸಿಗೆ ಸುರಿದಿದ್ದ ಚಹಾ ಮುಗಿಸಿ, ನಗುತ್ತಲೇ ಕೇಳಿದಳು:

"ಇಷ್ಟ ವರ್ಷದಾಗ ನೀ ಒಮ್ಮಿಯಾದ್ರೂ ಕರದ ನೋಡಿದ್ಯೇನೋ ತಮ್ಮಾ?"