ಹಳದಿ ಮಣಿ ಸುಟ್ಟ ವಾಸನೆ

ಅತ್ತಿ ತೀರಿಕೊಂಡ ಮೇಲೆ ಬಂದ ಮೊದಲ ಸೋಮವಾರ ಸಂಜೆ ಕೆಂಡದ ಮೇಲೆ ಲೋಬಾನ ಹಾಕಿದೆ. ಇಷ್ಟು ವರ್ಷ ಆ ಕೆಲಸ ಅತ್ತಿಯದೇ. ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಹಳದಿ ಹರಳು ಕೆಂಡದ ಮೇಲೆ ಮೆತ್ತಗಾಗಿ, ನೊರೆ ಕಟ್ಟಿ, ಅಂಚಿನಲ್ಲಿ ಕಪ್ಪಾಯಿತು. ಹೊಗೆ ಎದ್ದಿತು. ನಾನು ಬಟ್ಟಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹೀಗೆ ಕರಗಿದ್ದನ್ನು, ಇಂಥದೇ ವಾಸನೆ ಬಂದದ್ದನ್ನು ಇದೇ ಪಡಸಾಲೆಯಲ್ಲಿ ನಾನು ಒಮ್ಮೆ ಕಂಡಿದ್ದೆ. ಅಂದು ಅದು ಲೋಬಾನ ಆಗಿರಲಿಲ್ಲ...

ನಾನಾಗ ವಿದ್ಯಾನಗರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಬೈರಿದೇವರಕೊಪ್ಪದ ಈ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಇತ್ತು. ಅದರಲ್ಲಿ ಒಬ್ಬರು ಬಾಡಿಗೆಗೆ ಇದ್ದರು. ನಾವು ಅವರನ್ನು ಮ್ಯಾಲಿನ ಕಾಕಾ ಎನ್ನುತ್ತಿದ್ದೆವು. ಬಹಳ ವರ್ಷ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿ, ಸಾಕಾಗಿ ಬಿಟ್ಟು ಬಂದವರು. ಆಗ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಹಾಗಂತ ಅವರೇ ಹೇಳಿದ್ದು. ನಮಗೆ ಬೇರೆ ಯಾರೂ ಹೇಳಿರಲಿಲ್ಲ.

ಸಮುದ್ರ ಇಲ್ಲದ ಊರಿಗೆ ಹಡಗಿನವನು ಯಾಕೆ ಬಂದ ಎಂಬುದು ಓಣಿಯ ಮೊದಲ ಸಂಶಯ. "ಎಲ್ಲೀ ಹಡಗ ತಗೋ, ಉಣಕಲ್ ಕೆರ್ಯಾಗ ದೋಣಿ ಹತ್ತಿ ಇಳದು ಬಂದಾನ" ಎಂದು ಎದುರು ಮನೆಯ ಅಜ್ಜಿ ನಗುತ್ತಿದ್ದಳು. ಅವ್ವನ ಸಂಶಯ ಬೇರೆ. ಕಾಕಾ ಆಗಾಗ ಮಾಳಿಗೆಯ ತುದಿಗೆ ಹೋಗಿ ನಿಂತು, ಫೋನಿನಲ್ಲಿ ಯಾವುದೋ ಅರ್ಥವಾಗದ ಭಾಷೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. "ಅಲ್ಲೊಂದು ಸಂಸಾರ ಐತಿ, ನೀವು ಬೇಕಾದ್ರ ನೋಡ್ರಿ" ಎಂದು ಅವ್ವ ಅಪ್ಪನಿಗೆ ಹೇಳುತ್ತಿದ್ದಳು.

ಅಲ್ಲಿ ಅಂದರೆ ಗ್ಡಾನ್ಸ್ಕ್. ಪೋಲೆಂಡ್ ದೇಶದ ಬಂದರು, ಬಾಲ್ಟಿಕ್ ಎಂಬ ತಣ್ಣನೆಯ ಸಮುದ್ರದ ದಂಡೆಯಲ್ಲಿದೆ. ಅವರ ಹಡಗು ಕೆಟ್ಟು ಒಂದು ಇಡೀ ಚಳಿಗಾಲ ಅಲ್ಲೇ ನಿಂತಿತ್ತಂತೆ. ಭಾನುವಾರ ಕಾಕಾ ಕೆಳಗೆ ಬಂದು ಕಟ್ಟೆಯ ಮೇಲೆ ಕೂತರೆ ಮಾತೆಲ್ಲ ಆ ಊರಿನದೇ. ಅತ್ತಿ ಬಾಗಿಲ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಅಪ್ಪನ ತಂಗಿ ಅವಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದಳು.

ನನಗೆ ಚೆನ್ನಾಗಿ ನೆನಪಿರುವುದು ಒಂದು ಭಾನುವಾರ. ಎಲ್ಲ ಎಂದಿನಂತೆ ಇದ್ದ ಕೊನೆಯ ದಿನ ಅದು. ಕಾಕಾ ಆ ಊರನ್ನು ಬಣ್ಣಿಸುತ್ತಿದ್ದರು: ನದಿಯ ದಂಡೆಯಲ್ಲಿ ಇಟ್ಟಿಗೆಯ ಎರಡು ಗೋಪುರ, ಅವುಗಳ ನಡುವೆ ಕಟ್ಟಿಗೆಯ ದೊಡ್ಡ ಕ್ರೇನು, ಅದರ ಹೊಟ್ಟೆಯಲ್ಲಿ ಮನೆಯೆತ್ತರದ ಗಾಲಿ. ಹಿಂದಿನ ಕಾಲದಲ್ಲಿ ಆಳುಗಳು ಆ ಗಾಲಿಯ ಒಳಗೆ ನಡೆದು ನಡೆದು ಹಡಗಿನ ಸರಕು ಎತ್ತುತ್ತಿದ್ದರಂತೆ. ಕಾಕಾ ಅಂಗಳದಲ್ಲಿ ನಿಂತಲ್ಲೇ ನಡೆದು ತೋರಿಸಿದರು. ಊರ ನಡುವಿನ ಕಾರಂಜಿಯಲ್ಲಿ ತ್ರಿಶೂಲ ಹಿಡಿದ ದೇವರು ನಿಂತಿದ್ದಾನೆ ಎಂದರು.

"ತ್ರಿಶೂಲ ಅಂದ್ರ ಶಿವನ ಇರಬೇಕು" ಎಂದಳು ಅವ್ವ.

"ಅಲ್ರೀ ವೈನಿ, ಸಮುದ್ರದ ದೇವರು. ಮೈಮ್ಯಾಲ ಒಂದ ಅರಿವಿ ಸೈತ ಇಲ್ಲ."

"ಹಂಗಾರ ಖರೇನ ಶಿವನ!"

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕ. ಆಮೇಲೆ ಕಾಕಾ ದೊಡ್ಡ ಚರ್ಚಿನ ಗಡಿಯಾರದ ಕಥೆ ಹೇಳಿದರು. ಅದು ಗಂಟೆಯ ಜೊತೆಗೆ ಚಂದ್ರ ಬೆಳೆಯುವುದು, ಕರಗುವುದು, ಹಬ್ಬದ ದಿನ ಎಲ್ಲ ತೋರಿಸುತ್ತಿತ್ತು. ಇಂಥದು ಬೇರೆ ಊರಿಗೆ ಮಾಡಿಕೊಟ್ಟಾನು ಎಂಬ ಸಂಶಯಕ್ಕೆ ಊರವರು ಅದನ್ನು ಮಾಡಿದವನ ಕಣ್ಣು ಕೀಳಿಸಿದರಂತೆ. ಬರೀ ಕಥೆಯೂ ಇರಬಹುದು ಎಂದು ಅವರೇ ಸೇರಿಸಿದರು.

"ಮುಂದ ಅಂವ ಏನ ಮಾಡಿದಾ?" ಅತ್ತಿ ಕೇಳಿದಳು.

"ತಡವರಿಸಿಗೋತ ಹೋಗಿ ಗಡಿಯಾರ ಕೆಡಿಸಿದ್ನಂತ್ರಿ. ಮತ್ತ ಎಷ್ಟೋ ವರ್ಷ ಅದು ನಡೀಲೇ ಇಲ್ಲ."

ಅಪ್ಪ ಗೋಡೆಗೆ ಒರಗಿ ಎಲ್ಲ ಕೇಳುತ್ತಿದ್ದ. ಊರು ಎಷ್ಟು ಹಳೆಯದು ಎಂದು ವಿಚಾರಿಸಿದ. ಕಾಕಾ, "ಹಳೇದು ಅಂತ ತೋರಸ್ತಾರ್ರಿ. ಆದ್ರ ಯುದ್ಧದಾಗ ಬಹುತೇಕ ಎಲ್ಲಾ ಸುಟ್ಟು ಹೋಗಿತ್ತು. ಹಳೇ ಚಿತ್ರಾ ನೋಡಿ, ಉಳದ ಗ್ವಾಡಿ ಹಿಡದು, ಮತ್ತ ಹಂಗ ಕಟ್ಯಾರ" ಎಂದರು.

"ಅಂದ್ರ ಊರ ನಕಲಿ ಅನ್ರಿ."

"ಸುಟ್ಟ ಮನಿ ಮತ್ತ ಕಟ್ಟಿಕೊಂಡ್ರ ಅದು ನಕಲಿ ಹೆಂಗ ಆಕ್ಕೈತ್ರಿ ಅಣ್ಣಾರ?"

ಅತ್ತಿ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಎಲ್ಲವೂ ಸುಲಿದು ಮುಗಿದಿರಲಿಲ್ಲ.

ಮರುದಿನ ಸಂಜೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಳಿದು ಬಂದು, ಅತ್ತಿಯನ್ನು ತಮಗೆ ಮದುವೆ ಮಾಡಿಕೊಡುತ್ತೀರಾ ಎಂದು ಅಪ್ಪನನ್ನು ಕೇಳಿದರು. ನಮ್ಮ ಮಂದಿಯಲ್ಲಿ ಗಂಡ ಸತ್ತ ಹೆಣ್ಣುಮಗಳಿಗೆ ಉಡಿಕೆ ಮಾಡಿ ಮತ್ತೊಂದು ಮನೆಗೆ ಕಳಿಸುವ ಪದ್ಧತಿ ಹಿಂದಿನಿಂದಲೂ ಇದೆ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಕಾ ಒಂದು ಹಳದಿ ಮಣಿಸರ ಅಪ್ಪನ ಮುಂದೆ ಇಟ್ಟರು. ಆ ಊರಿನ ಒಂದು ಓಣಿಯ ತುಂಬ ಇದನ್ನೇ ಮಾರುತ್ತಾರೆ, ಇದು ಕಲ್ಲಲ್ಲ, ಕೋಟ್ಯಂತರ ವರ್ಷದ ಹಿಂದಿನ ಗಿಡದ ಅಂಟು ಗಟ್ಟಿಯಾದದ್ದು, ಸಮುದ್ರ ಇದನ್ನು ದಂಡೆಗೆ ತಂದು ಹಾಕುತ್ತದೆ ಎಂದು ಹೇಳಿದರು. ಅಪ್ಪ "ನೋಡೋಣಂತ" ಎಂದ.

ಅವರು ಮೇಲೆ ಹೋದ ಮೇಲೆ ಅವ್ವ ಸರ ಕೈಯಲ್ಲಿ ತೂಗಿದಳು. "ಏನ ಹಗರ ಐತಿ ಇದು! ಜಾತ್ರ್ಯಾಗಿನ ಪ್ಲಾಸ್ಟಿಕ್ಕ." ಅಪ್ಪನಿಗೆ ಅಷ್ಟೇ ಸಾಕಾಯಿತು. ಸರ ಖರೇ ಇದ್ದರೆ ಮನುಷ್ಯ ಖರೇ, ಸರ ಸುಳ್ಳಾದರೆ ಹಡಗೂ ಸುಳ್ಳು, ಊರೂ ಸುಳ್ಳು. ಅವನು ಹಾಗೆ ತೀರ್ಮಾನ ಮಾಡಿದ.

ನಮ್ಮಲ್ಲಿ ಸಂಬಂಧಕ್ಕೆ ಬಂದ ಒಡವೆಯನ್ನು ಪತ್ತಾರನಿಗೆ ತೋರಿಸದೆ ಒಳಗೆ ಇಡುವುದಿಲ್ಲ. ಬಂಗಾರ ಮಾಡುವ ಪತ್ತಾರ ಮನೆಗೇ ಬಂದ. ಒರೆಗಲ್ಲಿಗೆ ತಿಕ್ಕಿ ನೋಡಿದ, ಏನೂ ತಿಳಿಯಲಿಲ್ಲ. ಸರದಿಂದ ಒಂದು ಮಣಿ ಬಿಚ್ಚಿ, ಚಿಮಟದಲ್ಲಿ ಹಿಡಿದು, ದೀಪದ ಉರಿಗೆ ಊದುಗೊಳವೆಯಿಂದ ಊದಿದ. ಮಣಿ ಮೆತ್ತಗಾಯಿತು, ನೊರೆ ಬಂತು, ಕಪ್ಪಾಗಿ ಹೊತ್ತಿ ಉರಿಯಿತು.

"ಖರೇ ಮಾಲು ಬೆಂಕ್ಯಾಗ ಹೋಗಂಗಿಲ್ರಿ ಯಜಮಾನ್ರ" ಎಂದ ಪತ್ತಾರ. ಬಂಗಾರ ನೋಡಿ ನೋಡಿ ಆ ಮಾತು ಅವನಿಗೆ ರೂಢಿಯಾಗಿತ್ತು. ನಮಗೂ ಅದೇ ರೂಢಿ.

ಬಾಗಿಲಲ್ಲಿ ನಿಂತಿದ್ದ ಅತ್ತಿ ಹೇಳಿದಳು: "ಅಣ್ಣಾ, ಪ್ಲಾಸ್ಟಿಕ್ ಸುಟ್ರ ಹಿಂಗ ವಾಸನಿ ಬರ್ತೈತೇನೋ? ದೇವರ ಮುಂದ ಲೋಬಾನ ಹಾಕಿದಂಗ ಬರಾಕತ್ತೈತಿ."

"ನೀ ಒಳಗ ನಡಿ."

ಅವಳು ಒಳಗೆ ಹೋದಳು. ಆ ವಾಸನೆ ನಮ್ಮೆಲ್ಲರ ಮೂಗಿಗೂ ಬಂದಿತ್ತು. ನಾವು ಕಣ್ಣಿಗೆ ಕಂಡದ್ದನ್ನು ನಂಬಿದೆವು.

ಕಾಕಾನನ್ನು ಕರೆಸಿ ಅಪ್ಪ ಸರವನ್ನು ಮುಂದೆ ಇಟ್ಟ. "ಬೆಂಕಿಗೆ ಹಿಡದ್ರ ಸುಟ್ಟು ಹೋತ್ರಿ ನಿಮ್ಮ ಮಣಿ."

"ಸುಡಬೇಕ್ರಿ ಅದು. ಗಿಡದ ಅಂಟು ಅಂತ ಹೇಳಿದ್ನೆಲ್ರಿ. ಸುಟ್ರನ ಅದು ಖರೇ."

"ಸುಟ್ರ ಖರೇ ಅನ್ನೂದು ಇವತ್ತ ಕೇಳಾಕತ್ತೇನಿ ನೋಡ್ರಿ" ಎಂದು ಅಪ್ಪ ನಕ್ಕ. ಕಾಕಾ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ಯಾರೂ ಕಾಣಲಿಲ್ಲ. ಸರವನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ತಿಂಗಳು ತುಂಬುವ ಮೊದಲೇ ಖೋಲಿ ಖಾಲಿ ಮಾಡಿದರು. ಕಾರವಾರಕ್ಕೆ ಹೋದರು ಎಂದು ಕೆಲವರು ಹೇಳಿದರು. ಮತ್ತೆ ಹಡಗು ಹತ್ತಿದರು ಎಂದು ಇನ್ನು ಕೆಲವರು... ನಾವು ಯಾರೂ ವಿಚಾರಿಸಲಿಲ್ಲ.

ಅತ್ತಿ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಅಳಲೂ ಇಲ್ಲ, ನಾನು ಕಂಡಂತೆ. ಸೋಮವಾರ ಸಂಜೆ ಲೋಬಾನ ಹಾಕುವುದನ್ನು ಮಾತ್ರ ಅವ್ವನ ಕೈಯಿಂದ ತಾನು ತೆಗೆದುಕೊಂಡಳು. ಅದು ಯಾವಾಗಿನಿಂದ ಎಂದು ಈಗ ಲೆಕ್ಕ ಹಾಕಿದರೆ ಅದೇ ವರ್ಷಕ್ಕೆ ಬಂದು ನಿಲ್ಲುತ್ತದೆ. ದೇವರಿಗೇ ಹಾಕುತ್ತಿದ್ದಳೋ ಏನೋ... ನನಗೆ ಸಂಶಯವಿದೆ.

ಆ ಸೋಮವಾರ ಬಟ್ಟಲು ಕೆಳಗಿಟ್ಟು ಫೋನಿನಲ್ಲಿ ಗ್ಡಾನ್ಸ್ಕ್ ನೋಡಿದೆ. ನದಿ, ಕಟ್ಟಿಗೆಯ ಕ್ರೇನು, ತ್ರಿಶೂಲದ ಬೆತ್ತಲೆ ದೇವರು, ಚರ್ಚಿನ ಗಡಿಯಾರ ಎಲ್ಲ ಇದ್ದವು. ಹಳದಿ ಮಣಿ ಮಾರುವ ಓಣಿಯೂ ಇತ್ತು. ಸುಟ್ಟರೆ ಅದರಿಂದ ಲೋಬಾನದಂಥ ಗಿಡದ ಅಂಟಿನ ವಾಸನೆ ಬರುತ್ತದೆ ಎಂದೂ ಅಲ್ಲಿ ಬರೆದಿತ್ತು. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ತೋರಿಸಲು ಯಾರೂ ಉಳಿದಿಲ್ಲ.

ಆದರೂ ಅವ್ವನ ಸಂಶಯ ನನ್ನಿಂದ ಪೂರ್ತಿ ಹೋಗಿಲ್ಲ. ಮಣಿ ಖರೇ ಎಂದ ಮಾತ್ರಕ್ಕೆ ಮಾಳಿಗೆಯ ತುದಿಯ ಆ ಫೋನಿಗೆ ಉತ್ತರ ಸಿಗುವುದಿಲ್ಲ. ಆ ಕಡೆ ಇದ್ದವರು ಹೆಂಡತಿಯೋ, ಜೊತೆಗೆ ದುಡಿದ ಗೆಳೆಯನೋ ನನಗೆ ಗೊತ್ತಿಲ್ಲ. ಅತ್ತಿ ಕೇಳಿದ್ದರೆ ಅವರು ಹೇಳುತ್ತಿದ್ದರೇನೋ. ಕೇಳುವಷ್ಟು ಹೊತ್ತು ಅವಳನ್ನು ನಾವು ಅಲ್ಲಿ ನಿಲ್ಲಗೊಡಲಿಲ್ಲ.

ಪತ್ತಾರ ಸುಟ್ಟ ಮಣಿಯನ್ನು ಅಂದು ಅವ್ವ ಕಸದ ಜೊತೆ ಗುಡಿಸಿ ಹಾಕಿದಳು. ಆ ಸರ ಈಗ ಯಾರ ಕೊರಳಲ್ಲಿದೆಯೋ, ಯಾವ ಪೆಟ್ಟಿಗೆಯಲ್ಲಿದೆಯೋ... ಎಲ್ಲಿದ್ದರೂ ಅದರಲ್ಲಿ ಒಂದು ಮಣಿ ಇಲ್ಲ.