ಶ್ರಾವಣಿಯ ಅರವತ್ತನಾಲ್ಕು

ಶ್ರಾವಣಿ, ನಿನ್ನ ಅರವತ್ತನಾಲ್ಕು ಕಡಿಮೆ ಅಂಕವಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಅರ್ಜಿಗಳನ್ನು ಕೆಡಿಸಿದೆ. ಮರೆವಿನಿಂದಲ್ಲ, ಅವಸರದಿಂದಲೂ ಅಲ್ಲ — ಬೇಕೆಂದೇ. ಇಷ್ಟನ್ನು ಮೊನ್ನೆ ನಿನಗೆ ಬಾಯಿಬಿಟ್ಟು ಹೇಳಿದ್ದೇನೆ. ಯಾಕೆ ಎಂಬುದನ್ನು ಹೇಳಲಿಲ್ಲ. ಈಗ ಹೇಳುತ್ತೇನೆ.

ನೀನು ಅಮ್ಮನ ಜೊತೆ ಕಲ್ಯಾಣದುರ್ಗದಿಂದ ಹಿಂದೂಪುರದ ನನ್ನ ಆಫೀಸಿಗೆ ಬಂದ ದಿನ ನೆನಪಿರಬಹುದು. ಇಂಗ್ಲೆಂಡಿನಲ್ಲಿ ಡಿಗ್ರಿ ಮುಗಿಸಿ, ಕೆಲಕಾಲ ಕೆಲಸ ಮಾಡಿ, ಇಲ್ಲಿಯ ಯಾವುದಾದರೂ ದೊಡ್ಡ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಓದಬೇಕೆಂದು ಬಂದಿದ್ದೆ ನೀನು. ಅಂಥ ಅರ್ಜಿಗಳನ್ನು ತುಂಬಿಸಿ ತಿದ್ದಿಕೊಡುವುದೇ ನನ್ನ ಕಸುಬು. ನಿನ್ನ ಅಮ್ಮ ಕುರ್ಚಿ ಎಳೆದು ಕೂತು, "ಯಾವೂರು ಕಣಮ್ಮ ನಿಂದು?" ಎಂದು ಕೇಳಿದರು. ಪರಿಗಿ ಎಂದೆ. "ಓ, ಪರಿಗೀನಾ," ಎಂದರು. ಅಷ್ಟೇ. ಅವರಿಗೆ ನನ್ನ ಗುರುತೇ ಹತ್ತಲಿಲ್ಲ.

ನನಗೆ ಹತ್ತಿತ್ತು. ನೀನು ಇನ್ನೂ ಹೈಸ್ಕೂಲಿನಲ್ಲಿದ್ದಾಗ ಇದೇ ಹೆಂಗಸು ನಿನ್ನ ಅಣ್ಣನಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಹುಡುಗಿ ನಾನೆಂದು ಅಪ್ಪ ಹೆಮ್ಮೆಯಿಂದ ಹೇಳಿದ. ಅವರು ಅಂಕ ಕೇಳಿದರು. ಅರವತ್ತೆರಡು ಎಂದೆ.

"ಅಂತೇನಾ? ಅಷ್ಟೇನಾ? ನಮ್ಮುಡ್ಗ ಎಂಬತ್ತೆಂಟು ತಗೊಂಡವ್ನೆ ಕಣಪ್ಪ. ಈ ದಡ್ಡೀನ ಕಟ್ಕೊಂಡು ಏನ್ ಮಾಡ್ತಾನೆ?"

ನಗುತ್ತಲೇ ಅಂದರು. ಕಾಫಿಯನ್ನು ಪೂರ್ತಿ ಕುಡಿದೇ ಎದ್ದರು. ಅಪ್ಪ ಅವರ ಹಿಂದೆಯೇ ಬಾಗಿಲವರೆಗೂ ಹೋಗಿ ಕೈ ಮುಗಿದ — ಅವಮಾನ ಮಾಡಿ ಹೋಗುವವರಿಗೆ! ತೀರಿಕೊಳ್ಳುವವರೆಗೂ ಅವನು ಮತ್ತೆ ನನ್ನ ಓದಿನ ಮಾತೆತ್ತಲಿಲ್ಲ.

ಆಮೇಲೆ ಹಠಕ್ಕೆ ಬಿದ್ದು ಓದಿದೆ. ಬೆಂಗಳೂರಿನ ಒಂದು ಬಿಸಿನೆಸ್ ಸ್ಕೂಲಿನ ಅಡ್ಮಿಷನ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ವಿದೇಶದ ಅಂಕಗಳನ್ನು ಹೇಗೆ ಓದುತ್ತಾರೆಂದು ಅಲ್ಲಿ ಕಲಿತೆ. ಜರ್ಮನಿಯಲ್ಲಿ ಒಂದು ಬಂದರೆ ಎಲ್ಲರಿಗಿಂತ ಮೇಲು, ನಾಲ್ಕು ಬಂದರೆ ಹೇಗೋ ಪಾಸು. ಇಂಗ್ಲೆಂಡಿನಲ್ಲಿ ಎಪ್ಪತ್ತೇ ಫಸ್ಟ್ ಕ್ಲಾಸು; ಅರವತ್ತು ದಾಟಿದವರೂ ಒಳ್ಳೆಯ ವಿದ್ಯಾರ್ಥಿಗಳೇ. ಅನುಭವವಿದ್ದವರು ಆ ದೇಶದ ಅಳತೆ ಯಾವುದು, ತರಗತಿಯಲ್ಲಿ ಈ ಹುಡುಗಿಯ ಸ್ಥಾನ ಎಲ್ಲಿ ಎಂದು ಹುಡುಕುತ್ತಾರೆ. ಅದು ಕಾಣದಿದ್ದರೆ, ತೊಂಬತ್ತು ತೊಂಬತ್ತೈದರ ರಾಶಿಯಲ್ಲಿ ಅರವತ್ತನಾಲ್ಕನ್ನು ಯಾರು ತಿರುಗಿ ನೋಡುತ್ತಾರೆ?

ನಿನ್ನ ಬಳಿ ಎಲ್ಲವೂ ಇತ್ತು. ಅಂಕಗಳ ಅಳತೆಯನ್ನು ವಿವರಿಸುವ ವಿಶ್ವವಿದ್ಯಾಲಯದ ಪುಟವಿತ್ತು. ನೀನು ತರಗತಿಯ ಮುಂಚೂಣಿಯವಳೆಂದು ಬರೆದುಕೊಡಲು ಸಿದ್ಧರಿದ್ದ ಪ್ರೊಫೆಸರ್ ಇದ್ದರು. "ಇದ್ನೂ ಹಾಕಣ್ವಾ ಅಕ್ಕಾ?" ಎಂದು ಕೇಳಿದವಳು ನೀನೇ. ನಾನು ನಿನ್ನ ಕಣ್ಣನ್ನೇ ನೋಡಿ ಹೇಳಿದೆ: "ಬ್ಯಾಡ ಕಣಮ್ಮ. ವಿವರಣೆ ಕೊಟ್ರೆ ನೆಪ ಹೇಳ್ದಂಗೆ ಕಾಣ್ತೈತೆ." ಪ್ರೊಫೆಸರ್ ಬೇಡ, ಕೆಲಸದ ಕಡೆಯ ಮೇಲಧಿಕಾರಿಯಿಂದ ಶಿಫಾರಸು ಸಾಕು ಎಂದೂ ಹೇಳಿದೆ. ನೀನು ತಲೆಯಾಡಿಸಿದೆ. ಎಷ್ಟು ಬೇಗ ನಂಬಿಬಿಟ್ಟೆ ನನ್ನನ್ನು —

ಒಂದೊಂದೇ ಕಡೆಯಿಂದ ಇಲ್ಲ ಎಂದು ಉತ್ತರ ಬಂತು. ಬೇರೆ ಕಾರಣಗಳೂ ಇದ್ದವೇನೋ. ಆ ಅನುಮಾನದ ಹಿಂದೆ ನಾನು ಅಡಗುವುದಿಲ್ಲ.

ಆಗ ನಿನ್ನ ಅಮ್ಮ ಒಬ್ಬರೇ ಬಂದರು. "ಅಯ್ಯೋ ದೇವುಡಾ, ನಮ್ಮುಡ್ಗಿ ದಡ್ಡಿ ಅಲ್ಲ ಕಣಮ್ಮ. ಏನಾರ ಮಾಡು," ಎಂದು ಕೈ ಮುಗಿದರು. ಅದನ್ನು ನೋಡಲೆಂದೇ ನಾನು ಅಷ್ಟು ವರ್ಷ ಬದುಕಿದ್ದೆನೇನೋ ಅನ್ನಿಸಿತು. "ಅರವತ್ನಾಕು ತಗೊಂಡೋರಿಗೆ ಯಾರಮ್ಮ ಸೀಟು ಕೊಡ್ತಾರೆ?" ಎಂದೆ, ನಾನೂ ನಗುತ್ತಲೇ. ಅವರ ಮುಖ ಕಪ್ಪಿಟ್ಟಿತು. ಆ ದಿನ ನಾನು ಹೊಟ್ಟೆ ತುಂಬ ಉಂಡೆ, ಶ್ರಾವಣಿ. ಸುಳ್ಳು ಹೇಳಲಾರೆ.

ಆ ಮಾತನ್ನು ಅವರು ಮನೆಗೆ ಒಯ್ದು ನಿನ್ನ ಮೇಲೇ ಎಸೆಯುತ್ತಾರೆಂದು ನಾನು ಯೋಚಿಸಲಿಲ್ಲ. ಅಥವಾ ಯೋಚಿಸುವುದು ನನಗೆ ಬೇಕಿರಲಿಲ್ಲ.

ಮೊನ್ನೆ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಬಂದು ಮಾತಾಡಿಸಿದೆ. ಓದಿನ ಆಸೆ ಬಿಟ್ಟು ಅಣ್ಣನ ಅಂಗಡಿಯಲ್ಲಿ ಕೂರುತ್ತಿದ್ದೀಯಂತೆ. "ನಂಗೆ ತಲೆ ಇಲ್ಲ ಬಿಡಕ್ಕಾ. ಅಲ್ಲಿ ಏನೋ ಹಂಗೇ ಪಾಸ್ ಮಾಡ್ಬುಟ್ರು," ಎಂದು ನಕ್ಕೆಯಲ್ಲ — ಆ ನಗುವನ್ನು ಸಹಿಸಲಾಗದೆ ನಾನು ಮಾಡಿದ್ದನ್ನು ಹೇಳಿಬಿಟ್ಟೆ. ಕಲ್ಯಾಣದುರ್ಗದ ಬಸ್ಸು ಹೊರಟಿತು, ನೀನು ಹತ್ತಲಿಲ್ಲ. ಬೈಯಲೂ ಇಲ್ಲ. "ಹಂಗಾರೆ ನಾನು ದಡ್ಡಿ ಅಲ್ವಾ?" ಎಂದು ಕೇಳಿದೆ ನೀನು.

ಅಲ್ಲ ಎಂದೆ.

"ಇದನ್ನ ಅಮ್ಮನ್ ಮುಂದೆ ಹೇಳು."

ಅದಕ್ಕೆ ಒಪ್ಪದೆ ನಾನು ಅಲ್ಲಿಂದ ಹೊರಟುಬಂದೆ. ನಿನ್ನ ಕಾಲು ಬೇಕಾದರೂ ಹಿಡಿದೇನು. ಆ ಹೆಂಗಸಿನೆದುರು ತಪ್ಪಿತಸ್ಥಳಾಗಿ ನಿಲ್ಲುವುದು —

ಮತ್ತೆ ಅರ್ಜಿ ಹಾಕು. ಅಂಕವನ್ನು ಇದ್ದ ಹಾಗೇ ಬರೆ, ಆ ಪುಟವನ್ನು ಜೊತೆಗಿಡು, ಪ್ರೊಫೆಸರರಿಂದಲೇ ಶಿಫಾರಸು ತರಿಸು. ನನಗೆ ತೋರಿಸಬೇಡ, ಬೇರೆಯವರಿಗೆ ತೋರಿಸು.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುತ್ತೇನೆಂದೂ ಹೇಳಲಾರೆ. ಆದರೂ ಅವರೆದುರು ನಿಂತು ನನ್ನ ಹೆಸರು, ನಮ್ಮಪ್ಪನ ಹೆಸರು ಹೇಳಿ, ನಾನು ಮಾಡಿದ್ದನ್ನೆಲ್ಲ ಹೇಳುತ್ತೇನೆ. ಅವರು ಏನೆಂದರೂ ಕೇಳಿಸಿಕೊಂಡು ಬರುತ್ತೇನೆ.